ಶಹಾಬಾದ್ ಫರಸಿ ಮೇಲೆ ಅಂಬೆಗಾಲು: ಹಳೇ ಮನೆಯ ನೆಲ ಸರಿ ಮಾಡಿಸಿದ ಅನುಭವ

ನಮ್ಮ ಬಾಡಿಗೆ ಮನೆಯ ನೆಲದ ಕೆಲಸ ಹೋದ ವಾರ ಮುಗಿಯಿತು. ಕೂಸು ಈಗ ಪಡಸಾಲೆಯ ತುಂಬ ಅಂಬೆಗಾಲಿಡುತ್ತಿದೆ. ಜನವರಿಯಲ್ಲಿ ಶುರುವಾದ ಓಡಾಟ ಇದು. ಒಬ್ಬೊಬ್ಬರು ಒಂದೊಂದು ಹೇಳಿದರು. ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಎಷ್ಟು ದಿನ ಕಾಯಬೇಕು ಎಂದು ಪೂರ್ತಿ ಹೇಳುವವರು ಮಾತ್ರ ಸಿಗಲಿಲ್ಲ. ಕಲಬುರಗಿಯ ಹಳೇ ಮನೆಗಳಲ್ಲಿ ಸಣ್ಣ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರಿಗೆ ಇದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೇ ಓಣಿಗಳಲ್ಲಿ ನಮ್ಮಂಥ ಮನೆಗಳು ಬಹಳ ಇವೆ. ಕೆಳಗೆ ಶಹಾಬಾದ್ ಫರಸಿ ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿ, ದಪ್ಪ ಗೋಡೆ, ಬಾಗಿಲು ಕಿಟಕಿಗಳಿಗೆ ಹಸಿರು ಎಣ್ಣೆ ಬಣ್ಣ. ಬೇಸಿಗೆಯಲ್ಲಿ ಇಂಥ ನೆಲದಷ್ಟು ತಂಪು ಬೇರೆ ಯಾವುದೂ ಇಲ್ಲ. ಆದರೆ ಕಲ್ಲು ಕಲ್ಲಿನ ನಡುವಿನ ಸಂದಿಗಳಲ್ಲಿ ಹಾಕಿದ್ದ ಸಿಮೆಂಟ್ ವರ್ಷಗಳಿಂದ ಉದುರಿ ಹೋಗಿತ್ತು. ಕೂಸು ಹೊಟ್ಟೆಯ ಮೇಲೆ ಹೊರಳಿ ತೆವಳಲು ಶುರು ಮಾಡಿದಾಗ ನಾನು ಒಂದು ಟಾರ್ಚ್ ಹಿಡಿದು ಆ ಸಂದಿಗಳನ್ನೆಲ್ಲ ನೋಡಿದೆ. ತೊಗರಿ ಬೇಳೆ, ಶೇಂಗಾ ಸಿಪ್ಪೆ, ಗುಂಡುಪಿನ್ನು, ಸತ್ತ ಇರುವೆ, ಯಾವುದೋ ಗುಳಿಗೆಯ ಚೂರು, ಎಲ್ಲ ಅಲ್ಲಿದ್ದವು. ದಿನಾ ಎರಡು ಹೊತ್ತು ಕಸ ಹೊಡೆಯುವ ಮನೆ ನಮ್ಮದು. ಆದರೂ ಕಸಬರಿಗೆಯ ಕಡ್ಡಿ ಸಂದಿಯ ತಳಕ್ಕೆ ಮುಟ್ಟುವುದಿಲ್ಲ. ಕೂಸಿನ ಬೆರಳು ಮುಟ್ಟುತ್ತದೆ.

ಎಲ್ಲರೂ ಹೇಳಿದ ಮೊದಲ ಉಪಾಯ ಫಿನಾಯಿಲ್. ಜಾಸ್ತಿ ಹಾಕಿ ಒರೆಸಿ ಅಂದರು. ಇನ್ನೊಬ್ಬರು ಇರುವೆ ಬರದಂತೆ ಒರೆಸುವ ನೀರಿಗೆ ಒಂದು ಮುಚ್ಚಳ ಸೀಮೆಎಣ್ಣೆ ಹಾಕಿ ಅಂದರು. ನಾನು ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರನ್ನೇ ಕೇಳಿದೆ. ಅವರು ಹೇಳಿದ್ದು ಸರಳವಾಗಿತ್ತು. ಕೂಸು ನೆಲಕ್ಕೆ ಕೈ ಊರುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ನೆಲದ ಮೇಲೆ ಏನು ಉಳಿಯುತ್ತದೋ ಅದೆಲ್ಲ ಹೊಟ್ಟೆಗೆ. ಹಾಗಾಗಿ ಕೂಸು ಆಡುವ ಜಾಗಕ್ಕೆ ಸ್ವಲ್ಪ ಸಾಬೂನು ನೀರು, ಆಮೇಲೆ ಬರೀ ನೀರು, ಆಮೇಲೆ ಒಣ ಅರಿವೆ. ಇಷ್ಟೇ ಸಾಕು. ಉಚ್ಚೆ, ಕಕ್ಕ, ವಾಂತಿ ಆದ ಕಡೆ ಮಾತ್ರ ಮೊದಲು ಸಾಬೂನಿನಿಂದ ತೊಳೆದು, ಆಮೇಲೆ ಬೇಕಾದರೆ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಫಿನಾಯಿಲ್ ಹಾಕಿ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಬೇಕು. ಸೀಮೆಎಣ್ಣೆ ಮನೆಯೊಳಗೇ ಬೇಡ ಅಂದರು. ಒಂದು ಗುಟುಕು ಒಳಗೆ ಹೋದರೂ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿಯನ್ನೂ ತೆಗೆದುಕೊಂಡು ಸೀದಾ ಆಸ್ಪತ್ರೆಗೆ ಓಡಬೇಕು.

ಅವತ್ತು ಮನೆಗೆ ಬಂದು ನೆಲಕ್ಕೆ ಹತ್ತಿರ ಇರುವ ವಿಷಗಳನ್ನೆಲ್ಲ ಹುಡುಕಿದೆವು. ಗೋಡೆಯ ಬುಡಕ್ಕೆ ಎಳೆಯುವ ಇರುವೆ ಸುಣ್ಣದಕಡ್ಡಿ, ಟ್ರಂಕಿನ ಕೆಳಗೆ ಬಿದ್ದಿದ್ದ ನುಸಿಗುಳಿಗೆ, ಜಿರಳೆಗೆ ಇಟ್ಟ ಬೋರಿಕ್ ಪುಡಿಯ ಉಂಡೆ. ಮೂರೂ ಬಿಳಿ. ಮೂರನ್ನೂ ಕೂಸು ತಿನ್ನುವ ವಸ್ತು ಅಂದುಕೊಳ್ಳುತ್ತದೆ. ನುಸಿಗುಳಿಗೆ ಬಗ್ಗೆ ಒಂದು ಮಾತು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಅಂಶದ ಕೊರತೆ ಇರುತ್ತದೆ. ಅಂಥ ಮಕ್ಕಳಿಗೆ ನ್ಯಾಫ್ತಲೀನ್ (ನುಸಿಗುಳಿಗೆ ಮಾಡುವ ರಾಸಾಯನಿಕ) ಇಟ್ಟ ಬಟ್ಟೆಯ ವಾಸನೆಯಿಂದಲೂ ರಕ್ತದ ಕಣ ಒಡೆದು ಕಾಮಾಲೆ ಆಗಬಹುದು. ಕೊರತೆ ಇದೆಯೋ ಇಲ್ಲವೋ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಎಲ್ಲ ಗುಳಿಗೆ ತೆಗೆದು, ಸೀರೆಗಳ ನಡುವೆ ಒಣಗಿದ ಬೇವಿನ ಎಲೆ ಇಟ್ಟೆವು.

ಆದರೆ ನನಗೆ ನಿಜವಾಗಿ ಕೈಕಾಲು ನಡುಗಿದ್ದು ತೊಗರಿ ಚೀಲ ನೋಡಿದಾಗ. ನಮ್ಮ ಜಿಲ್ಲೆಯಲ್ಲಿ ತೊಗರಿ ಇಲ್ಲದ ಮನೆ ಯಾವುದು? ರಾಶಿ ಮುಗಿದ ಮೇಲೆ ಊರಿಂದ ಚೀಲ ಬರುತ್ತದೆ, ಪಡಸಾಲೆಯ ಮೂಲೆಯಲ್ಲಿ ನಿಲ್ಲುತ್ತದೆ. ನಮ್ಮ ಚೀಲದ ಬಾಯಿ ಬಿಚ್ಚಿದರೆ ಒಳಗೆ ಅರಿವೆಯಲ್ಲಿ ಕಟ್ಟಿದ ಸಣ್ಣ ಗಂಟು. ಹುಳ ಬೀಳದಿರಲಿ ಎಂದು ಊರಲ್ಲಿ ಯಾರೋ ಸೆಲ್ಫಾಸ್ ಗುಳಿಗೆ ಇಟ್ಟಿದ್ದರು. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ, ಮತ್ತು ಆ ಗಾಳಿ ನಾವು ಉಸಿರಾಡುವ ಗಾಳಿಗಿಂತ ಭಾರ. ಅಂದರೆ ನೆಲದ ಹತ್ತಿರ ನಿಲ್ಲುತ್ತದೆ, ಕೂಸು ಇರುವ ಎತ್ತರದಲ್ಲೇ. ನಾವೋ ಆ ಮೂಲೆಯನ್ನು ದಿನಾ ಒದ್ದೆ ಅರಿವೆಯಲ್ಲಿ ಒರೆಸುತ್ತಿದ್ದೆವು. ಸಾಮಾನ್ಯ ಜನರಿಗೆ ಇದನ್ನು ಮಾರುವಂತೆಯೇ ಇಲ್ಲ. ಆದರೂ ಹಳ್ಳಿಗಳಲ್ಲಿ ಸಿಗುತ್ತದೆ.

ಕೂಸನ್ನು, ಅತ್ತೆಯವರನ್ನು ಆಗಲೇ ಪಕ್ಕದ ಮನೆಗೆ ಕಳಿಸಿ, ಕಿಟಕಿ ಬಾಗಿಲು ಎಲ್ಲ ತೆರೆದು ನಾವೂ ಹೊರಗೆ ನಿಂತೆವು. ಪರಿಚಯದ ಕೃಷಿ ಇಲಾಖೆಯವರೊಬ್ಬರು ಬಂದು ಚೀಲ ನೋಡಿ ಗಂಟು ಒಯ್ದರು. ಗುಳಿಗೆ ಅಷ್ಟರಲ್ಲಿ ಬೂದಿಯಾಗಿತ್ತು. ನಿಮ್ಮ ಮನೆಯಲ್ಲಿ ಇಂಥ ಗಂಟು ಕಂಡರೆ ಮೂಸಿ ನೋಡಬೇಡಿ, ನೀರಂತೂ ಹಾಕಲೇಬೇಡಿ. ಮನೆಯವರೆಲ್ಲ ಹೊರಗೆ ಬಂದು ತಿಳಿದವರನ್ನು ಕರೆಯಿರಿ. ತೊಗರಿಯನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಗಾಳಿ ಆಡದ ಡಬ್ಬಿಯಲ್ಲಿ ಬೇವಿನ ಎಲೆ ಹಾಕಿ ಇಟ್ಟರೆ ಮನೆಖರ್ಚಿನ ಕಾಳಿಗೆ ಅದೇ ಸಾಕು. ಊರಿನವರಿಗೂ ಇದನ್ನು ಮೊದಲೇ ಫೋನ್ ಮಾಡಿ ಹೇಳಿಬಿಡಿ, ಮೊಮ್ಮಗಳ ಮನೆಗೆ ಅಂತ ಪ್ರೀತಿಯಿಂದ ಕಳಿಸುವ ಚೀಲ ಅದು.

ಇಷ್ಟಾದ ಮೇಲೆ ಸಂದಿಗಳ ಕೆಲಸ. ಮನೆ ನಮ್ಮದಲ್ಲ. ಬಾಡಿಗೆ ಕರಾರಿನಲ್ಲಿ, ಮಾಲಕರನ್ನು ಕೇಳದೆ ನೆಲ ಗೋಡೆ ಮುಟ್ಟಬಾರದು ಎಂದು ಇತ್ತು. ಮಾಲಕರು ಸೊಲ್ಲಾಪುರದಲ್ಲಿ ಇರುತ್ತಾರೆ. ಫೋನಿನಲ್ಲಿ "ಮಾಡಿಸ್ಕೋರಿ, ಖರೇ ಫರಸಿ ಮಾತ್ರ ಕೀಳಬ್ಯಾಡ್ರಿ" ಅಂದರು. ಫೋನಿನ ಮಾತು ಸಾಲದು ಎಂದು ನನ್ನ ಯಜಮಾನರು ಒಂದು ಪತ್ರ ಬರೆದರು. ಯಾವ ಕೋಣೆ, ಏನು ಕೆಲಸ, ಅಂದಾಜು ಎಷ್ಟು ಖರ್ಚು, ಅದರಲ್ಲಿ ಎಷ್ಟು ಬಾಡಿಗೆಯಲ್ಲಿ ಮುರಿದುಕೊಳ್ಳುವುದು, ಎಲ್ಲ ಬರೆದು ಕಳಿಸಿದೆವು. ಸಹಿ ಆಗಿ ವಾಪಸ್ ಬರಲು ಸುಮಾರು ದಿನ ಹಿಡಿಯಿತು. ಆ ಹೊತ್ತಿನಲ್ಲಿ ಪ್ರತಿ ಕೋಣೆಯ ನೆಲದ ಫೋಟೋ ತೆಗೆದಿಟ್ಟೆವು. ಯಾವ ಕಲ್ಲು ಮೊದಲೇ ಸೀಳಿತ್ತು ಎಂಬುದಕ್ಕೆ ಮುಂದೆ ಆಧಾರ ಬೇಕಲ್ವಾ.

ಗೌಂಡಿ, ಅಂದರೆ ಗಾರೆ ಕೆಲಸದವರು, ಸಿಗುವುದು ಇನ್ನೂ ಕಷ್ಟವಾಯಿತು. ಹೋಳಿ ಆದ ಕೂಡಲೇ ಶರಣಬಸವೇಶ್ವರ ಜಾತ್ರೆ. ಆಮೇಲೆ ಯುಗಾದಿ. ಆಮೇಲೆ ಲಗ್ನಗಳ ಕಾಲ. ದೊಡ್ಡ ಕಟ್ಟಡ ಬಿಟ್ಟು ಸಂದಿ ತುಂಬುವ ಸಣ್ಣ ಕೆಲಸಕ್ಕೆ ಯಾರೂ ಬರಲು ಒಪ್ಪಲಿಲ್ಲ. ನಾಳೆ ಬರ್ತೀನಿ ಅಂದವರು ಬರಲಿಲ್ಲ. ಅಷ್ಟರಲ್ಲಿ ಕೂಸು ಮಂಡಿಯೂರಿ ಓಡಾಡಲು ಕಲಿತೇಬಿಟ್ಟಿತು. ಆ ದಿನಗಳನ್ನು ನಾವು ಕೌದಿಯ ಮೇಲೆ ಕಳೆದೆವು. ಅಜ್ಜಿ ಹೊಲಿದ ಎರಡು ದೊಡ್ಡ ಕೌದಿ ಜೋಡಿಸಿ ಹಾಸಿ, ಸುತ್ತ ಹಾಸಿಗೆ ಸುರುಳಿ ಇಟ್ಟು ಅದರೊಳಗೆ ಬಿಡುತ್ತಿದ್ದೆವು. ಕೌದಿ ಬಿಸಿಲಿಗೆ ಹಾಕಬಹುದು, ತೊಳೆಯಬಹುದು. ಅಂಗಡಿಯಲ್ಲಿ ಸಿಗುವ ಫೋಮಿನ ಜೋಡಣೆ ಚಾಪೆಯನ್ನೂ ತಂದಿದ್ದೆವು. ಅದರ ಕೆಳಗೆ ತೇವ ನಿಂತು ವಾಸನೆ ಬಂತು, ಅಂಚಿನ ಚೂರನ್ನು ಕೂಸು ಕಚ್ಚಿ ಕೀಳಲು ಶುರು ಮಾಡಿತು, ತೆಗೆದಿಟ್ಟೆವು. ಕೌದಿಯಲ್ಲೂ ಬಿಚ್ಚಿದ ದಾರ, ಹಳೇ ಗುಂಡಿ ಇಲ್ಲವೇ ಎಂದು ನೋಡಿಯೇ ಹಾಸಬೇಕು.

ಕೊನೆಗೆ ಅಕ್ಕನ ಮನೆ ಕಟ್ಟಿದ ಗೌಂಡಿ ಮಾಮಾ ಒಪ್ಪಿದರು. ಕೆಲಸ ಶುರುವಾಗುವ ಹಿಂದಿನ ದಿನವೇ ಕೂಸನ್ನು ಕರೆದುಕೊಂಡು ನಾನು ಆಳಂದದ ತವರಿಗೆ ಹೋದೆ. ಇದನ್ನು ತಪ್ಪದೇ ಮಾಡಿ. ಹಳೇ ಸಿಮೆಂಟ್ ಕೆರೆಯುವಾಗ ಏಳುವ ಧೂಳು ಒಂದು ಕೋಣೆಯಲ್ಲಿ ನಿಲ್ಲುವುದಿಲ್ಲ. ಹಸಿ ಸಿಮೆಂಟ್ ಕ್ಷಾರ, ದೊಡ್ಡವರ ಚರ್ಮವನ್ನೇ ಸುಡುತ್ತದೆ. ಕೂಸಿನ ಮಂಡಿ, ಅಂಗೈ ಏನಾಗಬೇಡ? ಒಂದು ಕೋಣೆ ಮುಗಿಸಿ ಇನ್ನೊಂದರಲ್ಲಿ ಇರೋಣ ಅನ್ನುವ ಯೋಚನೆ ಬಿಟ್ಟುಬಿಡಿ. ನಾನು ನಡುನಡುವೆ ಕೂಸನ್ನು ಅವ್ವನ ಹತ್ತಿರ ಬಿಟ್ಟು ಬಸ್ಸಿನಲ್ಲಿ ಬಂದು ಕೆಲಸ ನೋಡಿ ಹೋಗುತ್ತಿದ್ದೆ.

ಅಡಿಗೆಮನೆ ಬಾಗಿಲ ಹತ್ತಿರ ಒಂದು ಕಲ್ಲು ಅಲುಗಾಡುತ್ತಿತ್ತು. ಗೌಂಡಿ ಅದನ್ನು ಎತ್ತಿದಾಗ ಕೆಳಗೆ ಚೇಳು. ನಮ್ಮ ಭಾಗದಲ್ಲಿ ಚೇಳು ಹೊಸದಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಗೆ ಬೆಟ್ಟದ ಕಲ್ಲು ಎತ್ತಿ ಚೇಳು ಹಿಡಿಯುವ ಜಾತ್ರೆಯೇ ನಡೆಯುತ್ತದೆ. ಆದರೆ ಕೂಸು ಕೈ ಊರುವ ಜಾಗದಿಂದ ಒಂದು ಗೇಣು ದೂರದಲ್ಲಿ ಅದನ್ನು ನೋಡುವುದೇ ಬೇರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಣ್ಣ ಮಕ್ಕಳಿಗೆ ಕೆಂಪು ಚೇಳಿನ ವಿಷ ಹೃದಯಕ್ಕೆ ಹೋಗುತ್ತದೆ. ಮೈ ತಣ್ಣಗೆ ಬೆವರುವುದು, ವಾಂತಿ, ಉಸಿರಾಟ ಜೋರಾಗುವುದು ಇದರ ಗುರುತು. ಮಂತ್ರ, ಬೇರು ಎಂದು ಹೊತ್ತು ಕಳೆಯಬಾರದು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಔಷಧಿಯಿಂದ ಇಂಥ ಸಾವುಗಳನ್ನು ತಡೆಯಬಹುದು ಎಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೇಗ ಆಸ್ಪತ್ರೆ ಮುಟ್ಟಿದರೆ ಮಕ್ಕಳು ಉಳಿಯುತ್ತಾರೆ, ಇದನ್ನು ಮನೆಯ ಹಿರಿಯರಿಗೂ ಹೇಳಿಡಿ. ಅಲುಗಾಡುವ ಕಲ್ಲು, ಗೋಡೆಯ ಬುಡದ ಬಿರುಕು, ಬಚ್ಚಲಿನ ಕಿಂಡಿ, ಇವನ್ನು ಮುಚ್ಚುವುದು ಚೇಳಿಗೆ ಎಲ್ಲಕ್ಕಿಂತ ದೊಡ್ಡ ತಡೆ. ಬಚ್ಚಲಿನ ಕಿಂಡಿಗೆ ನಾವು ಸಣ್ಣ ಕಣ್ಣಿನ ಉಕ್ಕಿನ ಜಾಳಿಗೆ ಹಾಕಿಸಿದೆವು.

ಸಂದಿ ತುಂಬಿದ ಮೇಲೆ ಗೌಂಡಿ ಮಾಮಾಗೂ ನನಗೂ ಸ್ವಲ್ಪ ವಾದವಾಯಿತು. "ಅಕ್ಕೋರ, ಆಸಿಡ್ ಹಾಕಿ ತೊಳದ್ರ ಫಳಾಫಳಾ ಹೊಳಿತದ ನೋಡ್ರಿ" ಅಂದರು. ನಾನು ಒಪ್ಪಲಿಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಭೀಮಾ ನದಿಯ ಸೀಮೆಯಲ್ಲಿ ಪದರು ಪದರಾಗಿ ಸಿಗುವ ಇದೇ ಜಾತಿಯ ಕಲ್ಲಿನಿಂದಲೇ ಸೇಡಂ, ವಾಡಿ ಕಡೆ ಸಿಮೆಂಟ್ ಮಾಡುತ್ತಾರೆ. ಸುಣ್ಣಕ್ಕೆ ಹುಳಿ ಆಗುವುದಿಲ್ಲ. ಆಸಿಡ್ ಬಿದ್ದ ಕಡೆ ನೊರೆ ಬಂದು ಕಲ್ಲಿನ ಮೇಲ್ಮೈ ಕರಗುತ್ತದೆ. ಆ ದಿನಕ್ಕೆ ಕೊಳೆ ಹೋದಂತೆ ಕಾಣುತ್ತದೆ, ಆಮೇಲೆ ಕಲ್ಲು ಬೆಳ್ಳಗೆ ಒರಟಾಗಿ ಇನ್ನೂ ಜಾಸ್ತಿ ಕೊಳೆ ಹಿಡಿಯುತ್ತದೆ. ಹೊಸ ಸಂದಿಯೂ ಹಾಳಾಗುತ್ತದೆ. ಹೊರಗೆ ಬಿದ್ದಿದ್ದ ಒಂದು ಫರಸಿ ಚೂರಿನ ಮೇಲೆ ನಿಂಬೆಹಣ್ಣು ಹಿಂಡಿ ತೋರಿಸಿದೆ. ಸಣ್ಣ ಗುಳ್ಳೆ ಎದ್ದು, ಒರೆಸಿದ ಮೇಲೆ ಅಷ್ಟು ಜಾಗ ಮಸುಕಾಗಿ ಉಳಿಯಿತು. ಮಾಮಾ ಸುಮ್ಮನೆ ನೋಡಿ, "ಖರೇ ಅದರಿ, ಬ್ಯಾಡ ಬಿಡ್ರಿ" ಅಂದರು. ನಿಂಬೆ, ವಿನೆಗರ್ ನೈಸರ್ಗಿಕ, ಕೂಸಿಗೆ ಒಳ್ಳೆಯದು ಎಂದು ಹೇಳುವವರು ಬಹಳ ಇದ್ದಾರೆ. ಟೈಲ್ಸಿಗೆ ಸರಿ ಇರಬಹುದು, ನಮ್ಮ ಫರಸಿಗೆ ಬೇಡ. ಇನ್ನೊಂದು ಮಾತು: ಬಚ್ಚಲು ತೊಳೆಯುವ ಆಸಿಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ.

ಸಂದಿಗಳನ್ನು ಒಂದು ವಾರ ಗೋಣಿಚೀಲ ಹಾಸಿ ನೀರು ಹೊಡೆದು ಹಸಿ ಇಟ್ಟರು. ಏಪ್ರಿಲ್ ಬಿಸಿಲಿನಲ್ಲಿ ಚೀಲ ಒಂದೆರಡು ತಾಸಿಗೆ ಒಣಗುತ್ತದೆ, ಮನೆಯಲ್ಲಿ ಒಬ್ಬರು ಇರಲೇಬೇಕು. ಅತ್ತೆಯವರು ಆ ಸೆಕೆಯಲ್ಲಿ ಪಕ್ಕದ ಮನೆಯಲ್ಲಿ ಮಲಗಿ, ಹೊತ್ತು ಹೊತ್ತಿಗೆ ಬಂದು ನೀರು ಹಾಕಿದರು. ಮೊದಲು "ನಮ್ಮ ಕಾಲಕ್ಕ ಯಾರ್ ಇಷ್ಟೆಲ್ಲಾ ಮಾಡಿದ್ರವ್ವಾ" ಅಂದವರು ಅವರೇ. ಚೇಳು ಕಂಡ ಮೇಲೆ ಅವರೇ ಮುಂದೆ ನಿಂತು ಮೂಲೆ ಮೂಲೆ ತೋರಿಸಿ ಮುಚ್ಚಿಸಿದರು. ಅವರ ಋಣ ದೊಡ್ಡದು.

ಆಮೇಲೆ ಪಾಲಿಶ್ ಮಷೀನ್ ಬಂತು. ಎದ್ದ ರಾಡಿಯನ್ನು ಕೆಲಸದವರು ಬಚ್ಚಲಿಗೆ ತಳ್ಳಿದರು, ಪೈಪು ಕಟ್ಟಿತು. ಅದನ್ನು ಬಿಡಿಸಲು 800 ರೂಪಾಯಿ ಬೇರೆ ಹೋಯಿತು. ರಾಡಿಯನ್ನು ಬಕೆಟ್‌ಗೆ ತುಂಬಿ, ಕೆಳಗೆ ಕೂತ ಮೇಲೆ ತಿಳಿನೀರು ಚೆಲ್ಲಿ, ಗಟ್ಟಿಯನ್ನು ಚೀಲಕ್ಕೆ ಹಾಕಿ ಅಂತ ಮೊದಲೇ ಕರಾರು ಮಾಡಿಕೊಳ್ಳಿ. ಕನ್ನಡಿ ಹಾಗೆ ಹೊಳೆಯುವ ಪಾಲಿಶ್ ಬೇಡ ಅಂದೆವು. ಇಂದು ತೆವಳುವ ಕೂಸು ನಾಳೆ ನಿಲ್ಲುತ್ತದೆ, ಒದ್ದೆ ನೆಲದಲ್ಲಿ ಜಾರುತ್ತದೆ. ಕೈಯಾಡಿಸಿದರೆ ಚುಚ್ಚದಷ್ಟು ನುಣುಪು ಸಾಕು. ಮಕ್ಕಳಿಗೆ ಒಳಗೆ ಕಾಲುಚೀಲ ಹಾಕದೆ ಬರಿಗಾಲಲ್ಲಿ ಬಿಟ್ಟರೆ ನೆಲ ಹಿಡಿತ ಸಿಗುತ್ತದೆ.

ಕಿಟಕಿ ಬಾಗಿಲಿನ ಹಳೇ ಬಣ್ಣದ ಕೆಲಸವನ್ನು ಪಾಲಿಶ್‌ಗಿಂತ ಮೊದಲೇ ಮುಗಿಸಿಕೊಂಡಿದ್ದೆವು. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ನಂಬುವಂತಿಲ್ಲ. ಉದುರಿದ ಚಕ್ಕೆಯನ್ನು ಕೂಸು ತಿಂದರೆ ಸೀಸ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಒಣಗಿದ ಬಣ್ಣವನ್ನು ಹಾಗೇ ಉಜ್ಜಿದರೆ ಧೂಳಾಗಿ ಮನೆ ತುಂಬ ಹರಡುತ್ತದೆ. ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಕೆರೆಸಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ಸಮೇತ ಸುತ್ತಿ ಹೊರಗೆ ಹಾಕಿಸಿದೆವು. ಆಮೇಲೆ ಹೊಸ ಬಣ್ಣ ಬಳಿಸಿದೆವು. ಪೇಂಟರ್‌ಗೆ ಇದು ಸುಮ್ನೆ ತಲೆನೋವು ಅನ್ನಿಸಿತು, ಎದುರು ನಿಂತು ಮಾಡಿಸಿದೆವು.

ಪಡಸಾಲೆಯಿಂದ ಅಂಗಳಕ್ಕೆ ಇಳಿಯುವ ಕಡೆ ಒಂದು ಮೆಟ್ಟಿಲಿನಷ್ಟು ಎತ್ತರ ಇದೆ. ಬಡಿಗರಿಗೆ ಹೇಳಿ ಕಟ್ಟಿಗೆಯ ಸಣ್ಣ ಗೇಟು ಮಾಡಿಸಿದೆವು. ಪಟ್ಟಿಗಳ ನಡುವೆ 6 ಸೆಂ.ಮೀ. ಮೀರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ಅಡ್ಡಪಟ್ಟಿ ಬೇಡ, ಹತ್ತುತ್ತಾರೆ. ಹೊಸ್ತಿಲ ರಂಗೋಲಿಯನ್ನು ಗೇಟಿನ ಆಚೆಗೆ ಸರಿಸಿದ್ದೇನೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಕಣ್ಣಿಗೆ ಬಿದ್ದರೆ ಉಜ್ಜುತ್ತಾರೆ. ಈಗ ಅಕ್ಕಿಹಿಟ್ಟಿನಲ್ಲೇ ಹಾಕುತ್ತೇನೆ.

ಖರ್ಚಿನ ಲೆಕ್ಕ ಕೇಳುವವರಿಗಾಗಿ. ಪಾಲಿಶ್‌ಗೆ ಚದರ ಅಡಿಗೆ 18 ರೂಪಾಯಿ ಕೊಟ್ಟೆವು, ಮೂರು ಕೋಣೆಗೆ 7,000 ರೂಪಾಯಿ ಹತ್ತಿರ ಆಯಿತು. ಗೌಂಡಿಗೆ ದಿನಕ್ಕೆ 900, ಕೈಯಾಳಿಗೆ 600. ಗೇಟಿಗೆ 2,200. ಸಿಮೆಂಟ್, ಮರಳು, ಜಾಳಿಗೆ, ಬಣ್ಣ, ಪೈಪಿನ ಕೆಲಸ ಎಲ್ಲ ಸೇರಿ 19,000 ರೂಪಾಯಿ ದಾಟಿತು. ಪಾಲಿಶ್ ಖರ್ಚನ್ನು ಮಾಲಕರು ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿದ್ದಾರೆ. ಪತ್ರ ಇದ್ದದ್ದರಿಂದ ಆ ಮಾತು ಸುಲಭವಾಯಿತು. ದುಡ್ಡು ಕಡಿಮೆ ಇದ್ದರೆ ಪಾಲಿಶ್ ಬಿಡಿ, ಸಂದಿ ಮತ್ತು ಅಲುಗಾಡುವ ಕಲ್ಲು ಮಾತ್ರ ಬಿಡಬೇಡಿ.

ಈಗ ನಮ್ಮ ದಿನದ ಪದ್ಧತಿ ಹೀಗಿದೆ. ಚಪ್ಪಲಿ ಗೇಟಿನ ಹೊರಗೆ. ಒಣ ಕಸಬರಿಗೆಯಿಂದ ಜೋರಾಗಿ ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ, ಅದಕ್ಕೆ ಮೆಲ್ಲಗೆ ಗುಡಿಸಿ ಕೂಡಲೇ ಒದ್ದೆ ಅರಿವೆ. ಬೋರಿನ ಸವಳು ನೀರು ಒಣಗಿದರೆ ಬಿಳಿ ಪದರ ಬಿಡುತ್ತದೆ, ಹಾಗಾಗಿ ಕೊನೆಯ ಒರೆಸುವಿಕೆಗೆ ನಲ್ಲಿ ನೀರು, ಆಮೇಲೆ ಹಳೇ ಧೋತರದ ಒಣ ತುಂಡು. ಒರೆಸುವ ಅರಿವೆಯನ್ನು ದಿನಾ ತೊಳೆದು ಬಿಸಿಲಿಗೆ ಹಾಕುತ್ತೇವೆ. ಒರೆಸಿದ ಬಕೆಟ್ ಅಲ್ಲೇ ಬಿಟ್ಟು ಫೋನಿಗೆ ಹೋಗುವುದಿಲ್ಲ. ಬಗ್ಗಿ ನೋಡುವ ಕೂಸು ತಲೆಕೆಳಗಾಗಿ ಬಿದ್ದರೆ 5 ಸೆಂ.ಮೀ. ನೀರೂ ಸಾಕು ಜೀವ ಹೋಗಲು. ನೀರು ಬರುವ ದಿನ ತುಂಬಿಟ್ಟ ಕೊಡ, ಬಕೆಟ್‌ಗಳಿಗೂ ಇದೇ ಮಾತು, ಮುಚ್ಚಳ ಇರಲಿ, ಬಚ್ಚಲ ಬಾಗಿಲು ಹಾಕಿರಲಿ.

ಸಂಜೆ ಶೇಂಗಾ ಸುಲಿಯುವ ಕೆಲಸ, ಬೇಳೆ ಆರಿಸುವ ಕೆಲಸ ಈಗ ಗೇಟಿನ ಆಚೆ ಕಟ್ಟೆಯ ಮೇಲೆ. ಸುಮಾರು 4 ಸೆಂ.ಮೀ.ಗಿಂತ ಸಣ್ಣದು ಯಾವುದೇ ಇರಲಿ, ಗಂಟಲಿಗೆ ಸಿಗುತ್ತದೆ ಎಂದೇ ಲೆಕ್ಕ. ರಿಮೋಟ್, ಗೊಂಬೆಯ ಗುಂಡಿ ಸೆಲ್ಲು ನುಂಗಿದರೆ ಎರಡು ತಾಸಿನೊಳಗೇ ಅನ್ನನಾಳ ಸುಡಬಹುದು, ನೋವಿಲ್ಲ ಅಂತ ಕಾಯಬೇಡಿ. 9 ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ತಾಯಿ ಕಾರ್ಡ್ ಹಿಡಿದು ಹೋದಾಗ ನರ್ಸ್ ಅಕ್ಕ ನನಗೆ ಇದನ್ನೂ ಕಲಿಸಿದರು: ಒಂದು ವರ್ಷದೊಳಗಿನ ಕೂಸಿಗೆ ಉಸಿರು ಕಟ್ಟಿ ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಮಾಡಿ, ಬೆನ್ನಿನ ನಡುವೆ 5 ಪೆಟ್ಟು. ಆಮೇಲೆ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತು. ಹೊರಬರುವವರೆಗೆ ಹೀಗೇ ಮಾಡುತ್ತ 108ಕ್ಕೆ ಫೋನ್ ಮಾಡಿಸಬೇಕು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ನೀವೂ ಚುಚ್ಚುಮದ್ದಿಗೆ ಹೋದಾಗ ಕೇಳಿ, ಗೊಂಬೆಯ ಮೇಲೆ ಮಾಡಿ ತೋರಿಸುತ್ತಾರೆ.

ವಿಷದ ವಸ್ತು ಏನಾದರೂ ಬಾಯಿಗೆ ಹೋದರೆ ಕೇಳಲು ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರ ಇದೆ. ಸಂಖ್ಯೆ 1800 116 117, ಹಗಲು ರಾತ್ರಿ ಎನ್ನದೆ ಎತ್ತುತ್ತಾರೆ, ದುಡ್ಡಿಲ್ಲ. ಅಡಿಗೆಮನೆ ಬಾಗಿಲ ಹಿಂದೆ 108ರ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ, ಅತ್ತೆಯವರಿಗೆ ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡದಾಗಿ. ಹಿತ್ತಲ ಬಚ್ಚಲಿನ ಫರಸಿ ಮಾತ್ರ ಇನ್ನೂ ಉಳಿದಿದೆ. ಗೌಂಡಿ ಮಾಮಾ ಕಾರಹುಣ್ಣಿಮೆ ಆದ ಮೇಲೆ ಬರುತ್ತೇನೆ ಅಂದಿದ್ದಾರೆ. ಮಳೆ ಜೋರಾಗುವ ಮೊದಲು ಅಲ್ಲಿನ ಸಂದಿಗಳನ್ನೂ ತುಂಬಿಸಬೇಕು, ನೆಲ ತೇವವಾದರೆ ಚೇಳು ಒಣ ಜಾಗ ಹುಡುಕಿಕೊಂಡು ಒಳಗೆ ಬರುತ್ತವೆ.